ರೆಪ್ಪೆಗೂದಲ ಬುಡದಲ್ಲಿ ಡೆಮೊಡೆಕ್ಸ್ ನುಸಿ

ತಿಂಗಳುಗಟ್ಟಲೆ ಕಣ್ಣು ತುರಿಸುತ್ತದೆ. ಅಲರ್ಜಿ ಇರಬೇಕೆಂದು ಹನಿ ಹಾಕಿದರೆ ನಾಲ್ಕು ದಿನ ಹಾಯೆನಿಸಿ ಮತ್ತೆ ಮೊದಲಿನಂತೆಯೇ ಆಗುತ್ತದೆ. ಕಣ್ಣು ಒಣಗಿದೆ ಎಂದು ಕೃತಕ ಕಣ್ಣೀರು ಹಾಕಿದರೂ ಅಷ್ಟಕ್ಕಷ್ಟೇ. ಬೆಳಿಗ್ಗೆ ಎದ್ದರೆ ರೆಪ್ಪೆಯ ಅಂಚು ಕೆಂಪಾಗಿರುತ್ತದೆ, ಕೂದಲಿನ ಬುಡದಲ್ಲಿ ಹೊಟ್ಟು ಕೂತಿರುತ್ತದೆ. ಇಂಥ ಎಷ್ಟೋ ಕಣ್ಣುಗಳಲ್ಲಿ ತೊಂದರೆಯ ಮೂಲ ಡೆಮೊಡೆಕ್ಸ್ ಎಂಬ ಸೂಕ್ಷ್ಮ ನುಸಿ. ಅದನ್ನು ಪತ್ತೆ ಮಾಡುವುದು ಕಷ್ಟದ ಕೆಲಸವೇನಲ್ಲ. ಆದರೂ ಅದು ಕಣ್ತಪ್ಪಿ ಹೋಗುತ್ತದೆ, ಏಕೆಂದರೆ ನೇರಕ್ಕೆ ನೋಡುತ್ತಿರುವ ಕಣ್ಣಿನಲ್ಲಿ ಮೇಲ್ರೆಪ್ಪೆಯ ಕೂದಲ ಬುಡ ಸರಿಯಾಗಿ ಕಾಣುವುದೇ ಇಲ್ಲ. ಪರೀಕ್ಷಿಸುವವರು "ಸ್ವಲ್ಪ ಕೆಳಗೆ ನೋಡಿ" ಎಂದರೆ ಸಾಕು, ಹೆಚ್ಚಿನ ಸಲ ಉತ್ತರ ಅಲ್ಲೇ ಸಿಗುತ್ತದೆ.

ನುಸಿ ಎಂಥದು

ಡೆಮೊಡೆಕ್ಸ್ ಕೀಟವಲ್ಲ, ಜೇಡ ಮತ್ತು ಉಣ್ಣೆಗಳ ಬಳಗಕ್ಕೆ ಸೇರಿದ ಎಂಟು ಕಾಲಿನ ಜೀವಿ. ವಿಜ್ಞಾನಿಗಳ ಕಣ್ಣಿಗೆ ಅದು ಬಿದ್ದದ್ದು 1840ರ ದಶಕದ ಆರಂಭದಲ್ಲಿ. 1843ರಲ್ಲಿ ಇಂಗ್ಲೆಂಡಿನ ಜೀವವಿಜ್ಞಾನಿ ರಿಚರ್ಡ್ ಓವೆನ್ ಅದಕ್ಕೆ ಡೆಮೊಡೆಕ್ಸ್ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ ಹೆಚ್ಚುಕಡಿಮೆ ಕೊಬ್ಬಿನ ಹುಳು ಎಂದು. ಜಿಡ್ಡಿರುವಲ್ಲಿ ಬಾಳುವ ಈ ಜೀವಿಗೆ ಒಪ್ಪುವ ಹೆಸರು.

ಮನುಷ್ಯರ ಮೈಮೇಲೆ ಇರುವುದು ಇದರ ಎರಡು ಜಾತಿ. ಮೊದಲನೆಯದು ಡೆಮೊಡೆಕ್ಸ್ ಫಾಲಿಕ್ಯುಲೋರಮ್. ಉದ್ದ 0.3ರಿಂದ 0.4 ಮಿಲಿಮೀಟರ್. ರೆಪ್ಪೆಗೂದಲು ಹುಟ್ಟುವ ಕುಳಿಯೊಳಗೆ ತಲೆ ಕೆಳಗೆ, ಬಾಲ ಮೇಲೆ ಮಾಡಿಕೊಂಡು ಹಲವು ನುಸಿಗಳು ಒತ್ತೊತ್ತಾಗಿ ಇರುತ್ತವೆ. ಎರಡನೆಯದು ಡೆಮೊಡೆಕ್ಸ್ ಬ್ರೆವಿಸ್. ಇದರ ಉದ್ದ ಮೊದಲನೆಯದರ ಅರ್ಧದಷ್ಟು, ಅಂದರೆ 0.15ರಿಂದ 0.2 ಮಿಲಿಮೀಟರ್. ಇದು ಇನ್ನೂ ಆಳಕ್ಕಿಳಿದು ಜಿಡ್ಡಿನ ಗ್ರಂಥಿಗಳೊಳಗೆ ಒಂಟಿಯಾಗಿ ಇರುತ್ತದೆ. ರೆಪ್ಪೆಯಲ್ಲಿ ಅದರ ನೆಲೆ ಮೈಬೋಮಿಯನ್ ಗ್ರಂಥಿ. ಇವೆರಡರ ವಾಸದ ಜಾಗ ಬೇರೆ ಬೇರೆಯಾದ್ದರಿಂದ ತೊಂದರೆಯ ಬಗೆಯೂ ಬೇರೆ, ಔಷಧ ಮುಟ್ಟುವ ಆಳವೂ ಬೇರೆ.

ಬೆಳಕು ಇವಕ್ಕೆ ಆಗದು. ಹಗಲಿಡೀ ಕುಳಿಯೊಳಗಿದ್ದು, ಕತ್ತಲಾದ ಮೇಲೆ ಹೊರಬಂದು ಗಂಟೆಗೆ 8ರಿಂದ 16 ಮಿಲಿಮೀಟರ್ ವೇಗದಲ್ಲಿ ಚರ್ಮದ ಮೇಲೆ ತೆವಳುತ್ತವೆ, ಕುಳಿಯ ಬಾಯಿಯ ಬಳಿ ಕೂಡುತ್ತವೆ. ಹೆಣ್ಣು ಒಳಗೆ ಹೋಗಿ ಮೊಟ್ಟೆಯಿಡುತ್ತದೆ. ಮೊಟ್ಟೆಯಿಂದ ಆರು ಕಾಲಿನ ಮರಿ, ಆಮೇಲೆ ಎರಡು ನಡುಹಂತ, ಕೊನೆಗೆ ಬೆಳೆದ ನುಸಿ. ಹುಟ್ಟಿನಿಂದ ಸಾವಿನವರೆಗೆ ಇಡೀ ಬಾಳು ಎರಡರಿಂದ ಮೂರು ವಾರದಲ್ಲಿ ಮುಗಿಯುತ್ತದೆ. ಈ ಎರಡು–ಮೂರು ವಾರ ಎಂಬ ಲೆಕ್ಕವನ್ನು ನೆನಪಿನಲ್ಲಿಡಿ. ಚಿಕಿತ್ಸೆ ಎಷ್ಟು ದಿನ ಬೇಕು ಎಂಬುದು ನಿಂತಿರುವುದು ಇದರ ಮೇಲೆಯೇ.

ಒಂದು ವಿಷಯ ಮೊದಲೇ ಸ್ಪಷ್ಟವಾಗಲಿ. ನುಸಿ ಇದೆ ಎಂದಾಕ್ಷಣ ರೋಗವಿದೆ ಎಂದಲ್ಲ. ಹಸುಗೂಸುಗಳಲ್ಲಿ ಇದು ಇರುವುದೇ ಅಪರೂಪ. ಹತ್ತಿರದವರ ಮೈ ಸೋಕಿ ಬರುತ್ತದೆ, ವಯಸ್ಸಾದಂತೆ ಹೆಚ್ಚುತ್ತದೆ, ಮುದಿ ವಯಸ್ಸಿನಲ್ಲಿ ಬಹುಪಾಲು ಎಲ್ಲರಲ್ಲೂ ಸಿಗುತ್ತದೆ. ಕೊಳಕಿನ ಗುರುತೂ ಇದಲ್ಲ, ನಾಚಿಕೊಳ್ಳುವ ಸಂಗತಿಯಂತೂ ಮೊದಲೇ ಅಲ್ಲ. ದಿನಕ್ಕೆರಡು ಸಲ ಮುಖ ತೊಳೆಯುವವರಲ್ಲೂ ಇರುತ್ತದೆ. ಅಲ್ಲೊಂದು ಇಲ್ಲೊಂದು ನುಸಿಯಿದ್ದು ಕಣ್ಣು ಆರಾಮಾಗಿದ್ದರೆ ಅದರ ಪಾಡಿಗೆ ಅದನ್ನು ಬಿಡಬಹುದು. ಸಂಖ್ಯೆ ಮಿತಿಮೀರಿ ರೆಪ್ಪೆ ಉರಿಯತೊಡಗಿದಾಗ ಮಾತ್ರ ಅದು ರೋಗ. ಆಗ ಅದಕ್ಕೆ ಡೆಮೊಡೆಕ್ಸ್ ಬ್ಲೆಫರೈಟಿಸ್ ಎನ್ನುತ್ತಾರೆ. ಬ್ಲೆಫರೈಟಿಸ್ ಅಂದರೆ ರೆಪ್ಪೆಯಂಚಿನ ಉರಿಯೂತ.

ಮಿತಿಮೀರಲು ವಯಸ್ಸಿನ ಜೊತೆಗೆ ಇನ್ನೂ ಕಾರಣಗಳಿವೆ. ಕೆನ್ನೆ, ಮೂಗು ಕೆಂಪಗಾಗುವ ರೊಸೇಷಿಯಾ ಎಂಬ ಚರ್ಮರೋಗ ಇರುವವರಲ್ಲಿ ಇದು ಹೆಚ್ಚು. ರೋಗನಿರೋಧಕ ಶಕ್ತಿ ಕುಂದಿದವರಲ್ಲಿ, ಮುಖಕ್ಕೆ ಬಹುಕಾಲ ಸ್ಟೀರಾಯ್ಡ್ ಮುಲಾಮು ಹಚ್ಚಿಕೊಂಡವರಲ್ಲಿ ಸಹ ನುಸಿ ಹೆಚ್ಚಿಕೊಳ್ಳುತ್ತದೆ. ನಾಯಿಗಳಿಗೆ ಬರುವ ಡೆಮೊಡೆಕ್ಸ್ ಬೇರೆಯೇ ಜಾತಿ. ಮನೆಯ ನಾಯಿಯಿಂದ ಬಂತೆಂಬ ಭಯ ಬೇಡ.

ಕಣ್ಣಿಗೆ ತೊಂದರೆ ಹೇಗೆ

ನುಸಿ ಮೂರು ದಾರಿಯಲ್ಲಿ ಕೆಡಕು ಮಾಡುತ್ತದೆ, ಮೂರೂ ಒಂದಕ್ಕೊಂದು ಹೆಣೆದುಕೊಂಡಿವೆ.

ಮೊದಲನೆಯದು ನೇರ ಗಾಯ. ಕುಳಿಯ ಒಳಗೋಡೆಯ ಜೀವಕೋಶಗಳೇ ಅದರ ಆಹಾರ. ತಿನ್ನುವಾಗ, ಚೂಪು ಉಗುರಿನಿಂದ ಹಿಡಿದು ತೆವಳುವಾಗ ಸಣ್ಣ ಸಣ್ಣ ಗೀರುಗಳಾಗುತ್ತವೆ. ಚರ್ಮ ತನ್ನನ್ನು ಕಾಪಾಡಿಕೊಳ್ಳಲು ಬುಡದ ಸುತ್ತ ಹೆಚ್ಚು ಹೆಚ್ಚು ಕೆರಟಿನ್ (ಕೂದಲು, ಉಗುರುಗಳಲ್ಲಿರುವ ಗಟ್ಟಿ ಪ್ರೋಟೀನ್) ಹೊರಹಾಕುತ್ತದೆ. ಕುಳಿ ಹಿಗ್ಗುತ್ತದೆ, ಕೂದಲಿನ ಹಿಡಿತ ಸಡಿಲವಾಗುತ್ತದೆ. ಕೂದಲು ಉದುರುತ್ತದೆ, ಇಲ್ಲವೇ ಮತ್ತೆ ಹುಟ್ಟುವಾಗ ಅಡ್ಡಾದಿಡ್ಡಿ ದಿಕ್ಕು ಹಿಡಿಯುತ್ತದೆ. ಒಳಮುಖವಾಗಿ ಬೆಳೆದ ಕೂದಲು ರೆಪ್ಪೆ ಮಿಟುಕಿಸಿದಾಗಲೆಲ್ಲ ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾವನ್ನು ಗೀರುತ್ತದೆ.

ಎರಡನೆಯದು ಗ್ರಂಥಿಯ ಬಾಯಿ ಕಟ್ಟುವುದು. ಮೇಲ್ರೆಪ್ಪೆಯಲ್ಲಿ 25ರಿಂದ 40, ಕೆಳರೆಪ್ಪೆಯಲ್ಲಿ 20ರಿಂದ 30 ಮೈಬೋಮಿಯನ್ ಗ್ರಂಥಿಗಳು ಸಾಲಾಗಿ ನಿಂತಿವೆ. ಕಣ್ಣೀರಿನ ಮೇಲೆ ತೆಳ್ಳಗೆ ಎಣ್ಣೆಯ ಪದರ ಹರಡಿ ಅದು ಆವಿಯಾಗದಂತೆ ತಡೆಯುವುದು ಅವುಗಳ ಕೆಲಸ. ಬ್ರೆವಿಸ್ ಒಳಸೇರಿ ನಾಳ ಕಟ್ಟಿದರೆ ಎಣ್ಣೆ ಗಟ್ಟಿಯಾಗಿ ಅಲ್ಲೇ ನಿಲ್ಲುತ್ತದೆ. ಎಣ್ಣೆಯ ಪದರ ಕೆಟ್ಟು ಕಣ್ಣೀರು ಬೇಗ ಆವಿಯಾಗುತ್ತದೆ, ಕಣ್ಣು ಒಣಗುತ್ತದೆ. ಓದುತ್ತಿರುವಾಗ ಅಕ್ಷರ ಮಸುಕಾಗಿ ನಾಲ್ಕು ಸಲ ಕಣ್ಣು ಮಿಟುಕಿಸಿದರೆ ಮತ್ತೆ ತಿಳಿಯಾಗುವುದು ಇದರ ಲಕ್ಷಣ. ಕಟ್ಟಿನಿಂತ ಎಣ್ಣೆಗೆ ಸುತ್ತಲಿನ ಅಂಗಾಂಶ ಕೆರಳಿದರೆ ರೆಪ್ಪೆಯೊಳಗೆ ನೋವಿಲ್ಲದ ಗಂಟಾಗುತ್ತದೆ. ಅದೇ ಕಲೇಜಿಯನ್. ಒಂದು ವಾಸಿಯಾಗುವಷ್ಟರಲ್ಲಿ ಇನ್ನೊಂದು ಏಳುತ್ತಿದ್ದರೆ, ಮಕ್ಕಳಲ್ಲೇ ಆಗಲಿ ದೊಡ್ಡವರಲ್ಲೇ ಆಗಲಿ, ನುಸಿಯನ್ನು ಹುಡುಕಲೇಬೇಕು. ವರ್ಷಗಟ್ಟಲೆ ಕಟ್ಟಿನಿಂತ ಗ್ರಂಥಿ ಸೊರಗಿ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಬೇಗ ಪತ್ತೆಯಾಗಲಿ ಎಂದು ಇಷ್ಟು ಒತ್ತಿ ಹೇಳುತ್ತಿರುವುದು ಈ ಕಾರಣಕ್ಕೆ.

ಮೂರನೆಯದು ಬ್ಯಾಕ್ಟೀರಿಯಾ ಮತ್ತು ಅದಕ್ಕೆ ದೇಹ ತೋರುವ ಪ್ರತಿಕ್ರಿಯೆ. ನುಸಿಗಳು ಮೈಮೇಲೂ ಹೊಟ್ಟೆಯಲ್ಲೂ ಸ್ಟ್ಯಾಫಿಲೋಕಾಕಸ್, ಸ್ಟ್ರೆಪ್ಟೋಕಾಕಸ್‌ಗಳಂಥ ಬ್ಯಾಕ್ಟೀರಿಯಾ ಹೊತ್ತು ತರುತ್ತವೆ. ನುಸಿ ಸತ್ತು ಕೊಳೆತಾಗ ಅವೆಲ್ಲ ಕುಳಿಯೊಳಗೇ ಬಿಡುಗಡೆಯಾಗುತ್ತವೆ. ದೇಹದ ರಕ್ಷಣಾ ವ್ಯವಸ್ಥೆ ಅದಕ್ಕೆ ಕೆರಳಿ ರೆಪ್ಪೆಯಂಚು ಕೆಂಪೇರುತ್ತದೆ, ಬಾಯುತ್ತದೆ, ಬಿಳಿಗುಡ್ಡೆಯ ಮೇಲಿನ ಪೊರೆಯೂ ಕೆಂಪಾಗುತ್ತದೆ. ಕಾರ್ನಿಯಾದ ಅಂಚಿನಲ್ಲಿ ಬಿಳಿ ಚುಕ್ಕೆಗಳು ಮೂಡುವುದು, ಅಲ್ಲಿಗೆ ಸಣ್ಣ ರಕ್ತನಾಳಗಳು ಬೆಳೆದು ನುಗ್ಗುವುದು, ಕಲೆ ಉಳಿಯುವುದು ತೀವ್ರ ಹಂತದ ಪರಿಣಾಮಗಳು. ಕಲೆ ನಡುಭಾಗಕ್ಕೆ ಬಂದರೆ ದೃಷ್ಟಿಗೇ ಕುತ್ತು. ಎಲ್ಲರಿಗೂ ಹೀಗಾಗುವುದಿಲ್ಲ. ಬಹಳಷ್ಟು ಜನರ ತೊಂದರೆ ತುರಿಕೆ, ಉರಿ, ಮರಳು ಬಿದ್ದಂಥ ಅನುಭವಕ್ಕೇ ನಿಲ್ಲುತ್ತದೆ.

ಕೆಳಗೆ ನೋಡಿದಾಗ ಕಾಣುವುದು

ಈ ರೋಗದ ಖಚಿತ ಗುರುತು ಒಂದೇ: ಕೂದಲಿನ ಬುಡವನ್ನು ಸುತ್ತುವರಿದು ಕೊರಳಪಟ್ಟಿಯಂತೆ ಕೂತ, ಮೇಣದಂಥ, ಅರೆಪಾರದರ್ಶಕ ಹೊಟ್ಟು. ವೈದ್ಯರು ಅದನ್ನು ಕಾಲರೆಟ್ ಎನ್ನುತ್ತಾರೆ. ನುಸಿಯ ತ್ಯಾಜ್ಯ, ಮೊಟ್ಟೆಯ ಸಿಪ್ಪೆ, ಉದುರಿದ ಕೆರಟಿನ್ ಎಲ್ಲ ಬೆರೆತು ಕೂದಲಿಗೆ ತೊಡಿಸಿದ ಕೊಳವೆಯಂತೆ ಅದು ನಿಲ್ಲುತ್ತದೆ. ಕಣ್ಣಿನ ವೈದ್ಯರ ಬೆಳಕಿನ ಸೂಕ್ಷ್ಮದರ್ಶಕವಾದ ಸ್ಲಿಟ್ ಲ್ಯಾಂಪ್‌ನ ಮುಂದೆ ಕೂತು ಕೆಳಗೆ ನೋಡಿದರೆ ಮೇಲ್ರೆಪ್ಪೆಯ ಕೂದಲ ಸಾಲು ಪೂರ್ತಿ ತೆರೆದುಕೊಳ್ಳುತ್ತದೆ. ಎಷ್ಟು ಕೂದಲಿಗೆ ಕಾಲರೆಟ್ ಇದೆ ಎಂದು ಎಣಿಸಿ ಬರೆದಿಡುವುದು ಒಳ್ಳೆಯ ರೂಢಿ, ಮುಂದಿನ ಭೇಟಿಯಲ್ಲಿ ಹೋಲಿಸಲು ಬೇರೆ ಅಳತೆಗೋಲು ಬೇಕಾಗುವುದಿಲ್ಲ.

ಬೇರೆ ಬಗೆಯ ಹೊಟ್ಟಿನ ಜೊತೆ ಇದನ್ನು ಗೊಂದಲ ಮಾಡಿಕೊಳ್ಳಬಾರದು. ತಲೆಹೊಟ್ಟಿನ ಜೊತೆ ಬರುವ ಸೆಬೋರಿಕ್ ಬ್ಲೆಫರೈಟಿಸ್‌ನಲ್ಲಿ ಹೊಟ್ಟು ಜಿಡ್ಡುಜಿಡ್ಡಾಗಿ ಕೂದಲಿನ ಉದ್ದಕ್ಕೂ ಅಲ್ಲಲ್ಲಿ ಅಂಟಿರುತ್ತದೆ. ಸ್ಟ್ಯಾಫಿಲೋಕಾಕಸ್ ಸೋಂಕಿನದು ಗಟ್ಟಿ, ಪೆಡಸು ಹಕ್ಕಳೆ. ಕೂದಲು ಬೆಳೆದಂತೆ ಅದೂ ಮೇಲಕ್ಕೆ ಹೋಗಿರುತ್ತದೆ, ಕಿತ್ತರೆ ಅಡಿಯಲ್ಲಿ ಹುಣ್ಣು ಕಾಣುತ್ತದೆ. ಕೂದಲಿಗೆ ಅಂಟಿದ ಸೀರು ಕಂಡರೆ ಅದು ಹೇನು, ಬರಿಗಣ್ಣಿಗೂ ಗೊತ್ತಾಗುತ್ತದೆ, ಅದರ ಚಿಕಿತ್ಸೆಯೇ ಬೇರೆ. ಇನ್ನು ಅಲರ್ಜಿಯ ತುರಿಕೆ ಸಾಮಾನ್ಯವಾಗಿ ಕಣ್ಣಿನ ಒಳಮೂಲೆಯಲ್ಲಿ ಹೆಚ್ಚು, ಜೊತೆಗೆ ಸೀನು, ನೀರು ಸೋರುವುದು ಇರುತ್ತದೆ. ನುಸಿಯ ತುರಿಕೆ ರೆಪ್ಪೆಯಂಚಿನ ಸಾಲಿನಲ್ಲೇ, ಹುಬ್ಬಿನಲ್ಲೂ ಇರಬಹುದು, ಬೆಳಿಗ್ಗೆ ಜೋರು. ಎರಡೂ ಒಟ್ಟಿಗೆ ಇರುವುದೂ ಉಂಟು, ಆಗ ಒಂದಕ್ಕೆ ಮಾತ್ರ ಔಷಧ ಮಾಡಿದರೆ ಅರ್ಧ ತುರಿಕೆ ಉಳಿಯುತ್ತದೆ.

ಅನುಮಾನ ಉಳಿದರೆ ನುಸಿಯನ್ನೇ ಕಣ್ಣಾರೆ ನೋಡಬಹುದು. ಕಾಲರೆಟ್ ಇರುವ ಕೂದಲನ್ನೇ ಆರಿಸಿ, ಪ್ರತಿ ರೆಪ್ಪೆಯಿಂದ ಎರಡರಂತೆ ನಾಲ್ಕು ರೆಪ್ಪೆಯಿಂದ ಎಂಟು ಕೂದಲನ್ನು ಚಿಮುಟದಿಂದ ಕಿತ್ತು ಗಾಜಿನ ಪಟ್ಟಿಯ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತಾರೆ. ಹೊಟ್ಟು ದಪ್ಪಗಿದ್ದರೆ ಪಕ್ಕದಲ್ಲಿ ಕಣ್ಣಿನ ಪರೀಕ್ಷೆಗೆ ಬಳಸುವ ಫ್ಲೋರೆಸಿನ್ ಬಣ್ಣದ ದ್ರಾವಣದ ಒಂದು ಹನಿ ಬಿಟ್ಟರೆ ಅದು ಸಡಿಲಗೊಂಡು ಒಳಗೆ ಸಿಕ್ಕಿಕೊಂಡ ನುಸಿ ಹೊರಬರುತ್ತದೆ. ಕೀಳುವುದನ್ನು ಇಷ್ಟಪಡದವರಿಗೆ ಇನ್ನೊಂದು ಉಪಾಯವಿದೆ: ಚಿಮುಟದಿಂದ ಕೂದಲನ್ನು ಹಿಡಿದು ಬುಡದಲ್ಲೇ ನಿಧಾನವಾಗಿ ಸುತ್ತಿಸಿದರೆ ನುಸಿಗಳು ಬಾಲ ಮುಂದಾಗಿ ಕುಳಿಯಿಂದ ಈಚೆಗೆ ತಲೆಹಾಕುತ್ತವೆ. ಆಳದಲ್ಲಿರುವ ಬ್ರೆವಿಸ್ ಮಾತ್ರ ಈ ಯಾವ ವಿಧಾನಕ್ಕೂ ಸುಲಭವಾಗಿ ಸಿಗದು. ಕೂದಲಿನಲ್ಲಿ ನುಸಿ ಸಿಗಲಿಲ್ಲ ಎಂದು ಗ್ರಂಥಿಯಲ್ಲೂ ಇಲ್ಲ ಎನ್ನಲಾಗದು.

ಏನು ಕೊಲ್ಲುತ್ತದೆ, ಏನು ಕೊಲ್ಲುವುದಿಲ್ಲ

ಬಹಳ ಜನ ಸೋಲುವುದು ಇಲ್ಲಿ. ನುಸಿಯ ಮೈ ಗಟ್ಟಿ ಹೊರಕವಚದ್ದು. ದೇಹದ ಹೊರಗೆ ನಡೆಸಿದ ಪ್ರಯೋಗಗಳಲ್ಲಿ ಅದು 50% ಬೇಬಿ ಶಾಂಪೂವಿನಲ್ಲಿ, 10% ಪೊವಿಡೋನ್ ಅಯೋಡಿನ್‌ನಲ್ಲಿ, 75% ಆಲ್ಕೋಹಾಲ್‌ನಲ್ಲಿ ಸಹ 150 ನಿಮಿಷಕ್ಕೂ ಹೆಚ್ಚು ಹೊತ್ತು ಬದುಕಿದೆ. ಹಾಗಾಗಿ ಬೇಬಿ ಶಾಂಪೂವಿನಿಂದ ಎರಡು ನಿಮಿಷ ರೆಪ್ಪೆ ತೊಳೆದು ನುಸಿ ಸತ್ತಿತೆಂದು ತಿಳಿಯುವುದು ತಪ್ಪು. ಪ್ರತಿಜೀವಕ ಹನಿಗಳೂ ನುಸಿಯನ್ನು ಮುಟ್ಟುವುದಿಲ್ಲ, ಜೊತೆಗಿರುವ ಬ್ಯಾಕ್ಟೀರಿಯಾವನ್ನಷ್ಟೇ ತಗ್ಗಿಸುತ್ತವೆ. ಸ್ಟೀರಾಯ್ಡ್ ಹನಿ ಹಾಕಿದರೆ ಕೆಂಪು ಇಳಿದು ಗುಣವಾದಂತೆ ಅನಿಸುತ್ತದೆ, ನಿಲ್ಲಿಸಿದ ಕೂಡಲೇ ಮರುಕಳಿಸುತ್ತದೆ. ಅದನ್ನೇ ತಾವಾಗಿ ಮತ್ತೆ ಮತ್ತೆ ಹಾಕಿಕೊಂಡವರಲ್ಲಿ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ, ಕಣ್ಣಿನ ಪೊರೆ ಬರುವ ಅಪಾಯವಿದೆ. ತೀವ್ರ ಉರಿಯೂತವಿದ್ದಾಗ ವೈದ್ಯರು ಕೆಲವೇ ದಿನಕ್ಕೆ ಬರೆದುಕೊಟ್ಟರೆ ಆ ಮಾತು ಬೇರೆ.

ಹಾಗೆಂದು ಮನೆಯ ಶುಚಿ ವ್ಯರ್ಥವಲ್ಲ. ಅದು ಹೊಟ್ಟು ತೆಗೆಯುತ್ತದೆ, ಎಣ್ಣೆ ಹರಿಸುತ್ತದೆ, ಔಷಧಕ್ಕೆ ದಾರಿ ಬಿಡುತ್ತದೆ. ಮಾಡುವ ಕ್ರಮ ಹೀಗೆ: ಕೈ ತೊಳೆದುಕೊಂಡು, ಸಹಿಸಬಹುದಾದ ಬಿಸಿನೀರಿನಲ್ಲಿ, ಅಂದರೆ ಸುಮಾರು 40 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅದ್ದಿ ಹಿಂಡಿದ ಶುಭ್ರ ಬಟ್ಟೆಯನ್ನು ಮುಚ್ಚಿದ ಕಣ್ಣಿನ ಮೇಲೆ 5ರಿಂದ 10 ನಿಮಿಷ ಇಡಿ. ಬಟ್ಟೆ ಎರಡೇ ನಿಮಿಷದಲ್ಲಿ ತಣ್ಣಗಾಗುತ್ತದೆ, ಆಗಾಗ ಮತ್ತೆ ಅದ್ದಬೇಕು. ಇದನ್ನು ಮಾಡದೆ ತಣ್ಣನೆ ಬಟ್ಟೆಯನ್ನೇ ಹತ್ತು ನಿಮಿಷ ಇಟ್ಟುಕೊಂಡು ಪ್ರಯೋಜನವಾಗಲಿಲ್ಲ ಎನ್ನುವವರು ಬಹಳ. ಆಮೇಲೆ ತೋರುಬೆರಳಿನಿಂದ ಮೇಲ್ರೆಪ್ಪೆಯನ್ನು ಕೆಳಮುಖವಾಗಿ, ಕೆಳರೆಪ್ಪೆಯನ್ನು ಮೇಲ್ಮುಖವಾಗಿ ಹಗುರಕ್ಕೆ ನೀವಿ, ಕರಗಿದ ಎಣ್ಣೆ ಹೊರಬರುತ್ತದೆ. ಕೊನೆಗೆ ರೆಪ್ಪೆ ಒರೆಸುವ ವೈಪ್‌ನಿಂದ ಕೂದಲಿನ ಬುಡವನ್ನು ಅಡ್ಡಡ್ಡಲಾಗಿ ತಿಕ್ಕಿ ಒರೆಸಿ. ಒಂದು ಕಣ್ಣಿಗೆ ಬಳಸಿದ ವೈಪ್ ಇನ್ನೊಂದಕ್ಕೆ ಬೇಡ. ಹೈಪೋಕ್ಲೋರಸ್ ಆಮ್ಲದ ಸ್ಪ್ರೇ ಬ್ಯಾಕ್ಟೀರಿಯಾಗೆ ಒಳ್ಳೆಯದು, ನುಸಿಯ ಮೇಲೆ ಅದರ ಪ್ರಭಾವ ಅಲ್ಪ.

ಇನ್ನು ಟೀ ಟ್ರೀ ಎಣ್ಣೆ, ಆಸ್ಟ್ರೇಲಿಯದ ಒಂದು ಮರದ ಎಲೆಯಿಂದ ತೆಗೆಯುವ ಎಣ್ಣೆ. ಇದರಲ್ಲಿ ನುಸಿಯನ್ನು ಕೊಲ್ಲುವ ಮುಖ್ಯ ಅಂಶ ಟರ್ಪಿನೆನ್-4-ಆಲ್. ಪ್ರಯೋಗಾಲಯದಲ್ಲಿ 50% ಎಣ್ಣೆ ಸರಾಸರಿ 15 ನಿಮಿಷದಲ್ಲಿ ನುಸಿಯನ್ನು ಕೊಂದಿದೆ. ಅದರ ವಾಸನೆಗೆ ಕೆರಳಿ ಕುಳಿಯೊಳಗಿನ ನುಸಿಗಳು ಮೇಲೆ ಬರುತ್ತವೆ, ಹಾಗಾಗಿ ಹಚ್ಚಿದ ಮೇಲೆ ಒರೆಸಿ ತೆಗೆಯುವುದೂ ಚಿಕಿತ್ಸೆಯ ಭಾಗವೇ. ಆದರೆ ಈ 50% ದ್ರಾವಣ ವೈದ್ಯರ ಕೈಯಲ್ಲಿ, ಮರಗಟ್ಟಿಸುವ ಹನಿ ಹಾಕಿ, ಒಂದು ತೊಟ್ಟೂ ಕಣ್ಣೊಳಗೆ ಹೋಗದಂತೆ ಹಚ್ಚಬೇಕಾದ್ದು. ಅಂಗಡಿಯಲ್ಲಿ ಸಿಗುವ ಅಪ್ಪಟ ಎಣ್ಣೆಯನ್ನು ಹತ್ತಿಯಲ್ಲಿ ಅದ್ದಿ ರೆಪ್ಪೆಗೆ ಹಚ್ಚಲೇಬೇಡಿ. ಕಾರ್ನಿಯಾದ ಮೇಲ್ಪದರವನ್ನೇ ಸುಡುತ್ತದೆ, ಚರ್ಮ ಬೊಬ್ಬೆಯೇಳುತ್ತದೆ. ಮನೆಯಲ್ಲಿ ಬಳಸಲು ರೆಪ್ಪೆಗೆಂದೇ ತಯಾರಿಸಿದ ದುರ್ಬಲ ಪ್ರಮಾಣದ ವೈಪ್‌ಗಳಿವೆ. ಅವೂ ಕೆಲವರಿಗೆ ಚುರುಗುಟ್ಟುತ್ತವೆ. ಟರ್ಪಿನೆನ್-4-ಆಲ್ ಮೈಬೋಮಿಯನ್ ಗ್ರಂಥಿಯ ಜೀವಕೋಶಗಳಿಗೂ ಹಾನಿಕರ ಎಂದು ಪ್ರಯೋಗಾಲಯದ ಅಧ್ಯಯನಗಳು ತೋರಿಸಿವೆ. ಆದ್ದರಿಂದ ವರ್ಷಾನುಗಟ್ಟಲೆ ದಿನಾ ಬಳಸುವ ವಸ್ತು ಇದಲ್ಲ.

2023ರ ಜುಲೈಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಲೋಟಿಲನರ್ 0.25% ಕಣ್ಣಿನ ಹನಿಗೆ ಒಪ್ಪಿಗೆ ಕೊಟ್ಟಿತು. ಡೆಮೊಡೆಕ್ಸ್ ಬ್ಲೆಫರೈಟಿಸ್‌ಗೆಂದೇ ಅಲ್ಲಿ ಒಪ್ಪಿಗೆ ಪಡೆದ ಮೊದಲ ಔಷಧ ಅದು, ಮಾರಾಟದ ಹೆಸರು ಎಕ್ಸ್‌ಡೆಮ್ವಿ. ನುಸಿಯ ನರಗಳಲ್ಲಿ ಸಂಕೇತಗಳನ್ನು ಹತೋಟಿಯಲ್ಲಿಡುವ ಗಾಬಾ ಕ್ಲೋರೈಡ್ ನಾಳಗಳನ್ನು ತಡೆದು ಅದನ್ನು ಲಕ್ವ ಹೊಡೆದಂತೆ ಮಾಡಿ ಕೊಲ್ಲುತ್ತದೆ. ಒಂದೊಂದು ಕಣ್ಣಿಗೆ ಒಂದೊಂದು ಹನಿ, ದಿನಕ್ಕೆರಡು ಸಲ, ಸುಮಾರು 12 ಗಂಟೆಯ ಅಂತರದಲ್ಲಿ, 6 ವಾರ. ಕಾಂಟ್ಯಾಕ್ಟ್ ಲೆನ್ಸ್ ತೆಗೆದಿಟ್ಟು ಹನಿ ಹಾಕಬೇಕು, 15 ನಿಮಿಷ ಕಳೆದು ಲೆನ್ಸ್ ಮತ್ತೆ ಹಾಕಿಕೊಳ್ಳಬಹುದು. ಒಪ್ಪಿಗೆಗೆ ಆಧಾರವಾದ ಎರಡು ದೊಡ್ಡ ಪ್ರಯೋಗಗಳಲ್ಲಿ, ಮೇಲ್ರೆಪ್ಪೆಯಲ್ಲಿ ಕಾಲರೆಟ್ ಎರಡು ಅಥವಾ ಅದಕ್ಕಿಂತ ಕಡಿಮೆಗೆ ಇಳಿದವರು ಒಂದರಲ್ಲಿ 44%, ಇನ್ನೊಂದರಲ್ಲಿ 56%. ಔಷಧವಿಲ್ಲದ ಹನಿ ಹಾಕಿಕೊಂಡವರಲ್ಲಿ ಈ ಪ್ರಮಾಣ ಕ್ರಮವಾಗಿ 7% ಮತ್ತು 13%ರ ಆಸುಪಾಸು. ಹತ್ತರಲ್ಲಿ ಒಬ್ಬರಿಗೆ ಹನಿ ಬಿದ್ದಾಗ ಉರಿಯಬಹುದು. ಎಲ್ಲ ದೇಶಗಳಲ್ಲೂ ಇದು ಸಿಗುವುದಿಲ್ಲ.

ಹನಿ ಸಿಗದಲ್ಲಿ, ಅಥವಾ ಮುಖದ ಚರ್ಮದಲ್ಲೂ ನುಸಿ ತುಂಬಿದಾಗ, ಕೆಲವು ವೈದ್ಯರು ಐವರ್‌ಮೆಕ್ಟಿನ್ ಮಾತ್ರೆ ಕೊಡುತ್ತಾರೆ. ದೇಹತೂಕದ ಪ್ರತಿ ಕಿಲೋಗೆ 200 ಮೈಕ್ರೋಗ್ರಾಂನಂತೆ ಒಂದು ಸಲ, 7 ದಿನ ಬಿಟ್ಟು ಇನ್ನೊಂದು ಸಲ. 60 ಕಿಲೋ ತೂಕದವರಿಗೆ ಸಲಕ್ಕೆ 12 ಮಿಲಿಗ್ರಾಂ ಆಯಿತು. ಗರ್ಭಿಣಿಯರು, ಎದೆಹಾಲು ಕುಡಿಸುವವರು, 15 ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ ಇದು ಬೇಡ. ವೈದ್ಯರ ಚೀಟಿಯಿಲ್ಲದೆ ಯಾರೂ ನುಂಗಬಾರದು. ರೆಪ್ಪೆಯಂಚನ್ನು ತಿರುಗುವ ಮೃದು ಸ್ಪಂಜಿನಿಂದ ಉಜ್ಜಿ ಸ್ವಚ್ಛ ಮಾಡುವ ಸೌಲಭ್ಯವೂ ಕೆಲವು ಕಣ್ಣಾಸ್ಪತ್ರೆಗಳಲ್ಲಿದೆ. ವರ್ಷಗಳ ಕಾಲರೆಟ್ ದಪ್ಪ ಕಟ್ಟಿದ್ದರೆ ಮೊದಲು ಇದನ್ನು ಮಾಡಿಸಿ ಆಮೇಲೆ ಔಷಧ ಶುರುಮಾಡುವುದು ಸರಿಯಾದ ಕ್ರಮ.

ಮತ್ತೆ ಬರುವುದೇಕೆ

ಔಷಧ ಬೆಳೆದ ನುಸಿಯನ್ನು ಕೊಲ್ಲುತ್ತದೆ, ಮೊಟ್ಟೆಗೆ ಅಷ್ಟಾಗಿ ತಟ್ಟುವುದಿಲ್ಲ. ಹತ್ತು ದಿನಕ್ಕೆ ತುರಿಕೆ ನಿಂತಿತೆಂದು ಬಿಟ್ಟರೆ ಆ ಮೊಟ್ಟೆಗಳೊಡೆದು ತಿಂಗಳೊಳಗೆ ಯಥಾಸ್ಥಿತಿ. ನುಸಿಯ ಎರಡು ತಲೆಮಾರು ಕಳೆಯುವವರೆಗೆ, ಅಂದರೆ ಆರು ವಾರ, ಬಿಡದೆ ಮಾಡಬೇಕು. ಪೂರ್ತಿ ಮಾಡಿದರೂ ಕೆಲವರಲ್ಲಿ ತಿಂಗಳುಗಳ ನಂತರ ಹಿಂದಿರುಗುತ್ತದೆ. ನುಸಿಯನ್ನು ಮೈಯಿಂದ ಬೇರುಸಮೇತ ಕಿತ್ತೊಗೆಯುವುದು ಆಗದ ಮಾತು, ಸಂಖ್ಯೆಯನ್ನು ಹದ್ದಿನಲ್ಲಿಡುವುದೇ ಗುರಿ.

ಚಿಕಿತ್ಸೆಯ ಹೊತ್ತಿನಲ್ಲಿ ದಿಂಬಿನ ಹೊದಿಕೆ, ಮುಖ ಒರೆಸುವ ಟವೆಲ್‌ಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆದು ಚೆನ್ನಾಗಿ ಒಣಗಿಸಿ. ಟವೆಲ್ ಹಂಚಿಕೊಳ್ಳಬೇಡಿ. ಒಂದೇ ಹಾಸಿಗೆಯಲ್ಲಿ ಮಲಗುವ ಸಂಗಾತಿಗೂ ತುರಿಕೆಯಿದ್ದರೆ ಇಬ್ಬರೂ ಒಟ್ಟಿಗೆ ಪರೀಕ್ಷೆ ಮಾಡಿಸಿಕೊಳ್ಳುವುದು ಮೇಲು. ಹಳೆಯ ಮಸ್ಕಾರ, ಐಲೈನರ್‌ಗಳನ್ನು ಚಿಕಿತ್ಸೆ ಶುರುವಾದ ದಿನವೇ ಎಸೆಯಿರಿ. ಹೊಸದನ್ನೂ ಮೂರು ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ, ಯಾರಿಗೂ ಕೊಡಬೇಡಿ. ಅಂಟಿಸುವ ಕೃತಕ ರೆಪ್ಪೆಗೂದಲು ಹಾಕಿಕೊಂಡವರು ಅದು ಹಾಳಾದೀತೆಂದು ಬುಡ ತೊಳೆಯುವುದನ್ನೇ ಬಿಡುತ್ತಾರೆ. ಕಾಲರೆಟ್ ಕಟ್ಟಲು ಅದಕ್ಕಿಂತ ಒಳ್ಳೆಯ ಜಾಗ ಬೇಡ. ರೊಸೇಷಿಯಾ ಇದ್ದರೆ ಮುಖದ ಚಿಕಿತ್ಸೆಯೂ ಜೊತೆಗೇ ನಡೆಯಬೇಕು, ಕೆನ್ನೆ ಹಣೆಗಳಲ್ಲಿ ಉಳಿದ ನುಸಿ ರೆಪ್ಪೆಗೆ ವಾಪಸು ಬರುತ್ತದೆ.

ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿದವರು ಅದಕ್ಕೂ ಮೊದಲೇ ರೆಪ್ಪೆ ತೋರಿಸಿಕೊಳ್ಳಬೇಕು. ಕೆಟ್ಟ ಕಣ್ಣೀರ ಪದರದ ಮೇಲೆ ತೆಗೆದ ಕಾರ್ನಿಯಾದ ಅಳತೆ ತಪ್ಪಾಗಿ, ಒಳಗಿಡುವ ಮಸೂರದ ಶಕ್ತಿಯ ಲೆಕ್ಕವೇ ತಪ್ಪಬಹುದು. ಉರಿಯೂತವಿರುವ ರೆಪ್ಪೆಯಿಂದ ಸೋಂಕಿನ ಭಯವೂ ಇದೆ.

ಗುಣವಾಗುವ ಕ್ರಮದ ಬಗ್ಗೆಯೂ ತಿಳಿದಿರಲಿ. ಮೊದಲ ವಾರ ತುರಿಕೆ ಹೆಚ್ಚಬಹುದು, ಸತ್ತ ನುಸಿಗಳಿಗೆ ದೇಹ ಕೆರಳುವುದರಿಂದ. ಎರಡು ಮೂರು ವಾರಕ್ಕೆ ಹೊಟ್ಟು ತೆಳುವಾಗುತ್ತದೆ, ಆರನೇ ವಾರಕ್ಕೆ ಮತ್ತೆ ಎಣಿಸಿ ನೋಡಬೇಕು. ಉದುರಿದ ಕೂದಲು ಮರಳಲು ತಿಂಗಳುಗಳೇ ಬೇಕು. ಕಣ್ಣಿನ ಒಣಗುವಿಕೆ ಎಲ್ಲಕ್ಕಿಂತ ನಿಧಾನ, ಗ್ರಂಥಿಗಳ ಸ್ಥಿತಿಯನ್ನು ಅವಲಂಬಿಸಿದ್ದು.

ಈ ನಡುವೆ ಕಣ್ಣು ನೋಯತೊಡಗಿದರೆ, ಬೆಳಕು ನೋಡಲಾಗದಿದ್ದರೆ, ದೃಷ್ಟಿ ಮಸುಕಾಗಿ ಮಿಟುಕಿಸಿದರೂ ತಿಳಿಯಾಗದಿದ್ದರೆ ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಿ, ಕಾರ್ನಿಯಾಗೆ ಪೆಟ್ಟು ಬಿದ್ದಿರಬಹುದು. ವಯಸ್ಸಾದವರ ಒಂದೇ ರೆಪ್ಪೆಯಲ್ಲಿ, ಒಂದೇ ಜಾಗದಲ್ಲಿ ಗಂಟು ಮತ್ತೆ ಮತ್ತೆ ಎದ್ದು ಅಲ್ಲಿನ ಕೂದಲು ಉದುರಿದ್ದರೆ ನುಸಿಯೆಂದು ಸುಮ್ಮನಾಗಬೇಡಿ. ಜಿಡ್ಡಿನ ಗ್ರಂಥಿಯ ಕ್ಯಾನ್ಸರ್ ಕೂಡ ಹೀಗೆಯೇ ತೋರಿಕೊಳ್ಳುತ್ತದೆ, ಬಯಾಪ್ಸಿ ಮಾಡಿಸಿಯೇ ತಿಳಿಯಬೇಕು.